ಸಾಧನೆಯ ಖಾತೆ, ನಡತೆಯ ಖಾತೆ

ಪ್ರಖ್ಯಾತ ಕ್ರೀಡಾಪಟುವೊಬ್ಬನ ತಪ್ಪು ಬಯಲಿಗೆ ಬಂದಾಗಲೆಲ್ಲ ಸಮಾಜದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. "ಆತನ ಆಟ ಬೇರೆ, ನಡತೆ ಬೇರೆ, ಎರಡನ್ನೂ ಬೆರೆಸಬಾರದು" ಎಂಬುದು ಮೊದಲನೆಯದು. "ಇಂಥವನ ಹೆಸರನ್ನೇ ಅಳಿಸಿಹಾಕಬೇಕು" ಎಂಬುದು ಎರಡನೆಯದು. ಮೊದಲನೆಯ ಮಾತು ಉದಾರವಾಗಿ ತೋರುತ್ತದೆ. ಎರಡನೆಯದು ನಿಷ್ಠುರವಾಗಿ ತೋರುತ್ತದೆ. ಸಾವಧಾನವಾಗಿ ವಿಚಾರ ಮಾಡಿದರೆ ಇವೆರಡೂ ಲೆಕ್ಕವನ್ನು ಪೂರ್ತಿಯಾಗಿ ಬರೆಯುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯಗಳೇ ಆಗಿವೆ ಎಂಬುದು ಗೋಚರಿಸುತ್ತದೆ. ಒಂದು ಮಾತು ಖರ್ಚಿನ ಪುಟವನ್ನು ಮುಚ್ಚುತ್ತದೆ. ಇನ್ನೊಂದು ಜಮೆಯ ಪುಟವನ್ನು ಹರಿಯುತ್ತದೆ.

ಅಂಗಡಿಯ ಪುಸ್ತಕ ಬರೆಯುವವರಿಗೆ ಎರಡು ನಿಯಮಗಳು ಚೆನ್ನಾಗಿ ಗೊತ್ತು. ಒಮ್ಮೆ ಬರೆದ ರಕಮನ್ನು ಕೆರೆದು ಅಳಿಸುವಂತಿಲ್ಲ. ತಪ್ಪಿದ್ದರೆ ಎದುರು ನಮೂದನ್ನು ಹಾಕಿ ಸರಿಪಡಿಸಬೇಕು. ಹಾಗೆಯೇ, ಒಬ್ಬರಿಗೆ ಸಲ್ಲಬೇಕಾದ ಬಾಕಿಯನ್ನು ಇನ್ನೊಬ್ಬರ ಜಮೆಯಲ್ಲಿ ವಜಾ ಮಾಡುವಂತಿಲ್ಲ. ರಾಮನಿಗೆ ಕೊಡಬೇಕಾದ ನೂರು ರೂಪಾಯಿ, ಭೀಮನಿಗೆ ಇನ್ನೂರು ಕೊಟ್ಟ ಮಾತ್ರಕ್ಕೆ ತೀರುವುದಿಲ್ಲ. ಕ್ರೀಡಾಪಟುಗಳ ಸಾಧನೆ ಮತ್ತು ಅಪರಾಧಗಳ ವಿಷಯದಲ್ಲಿ ಸಮಾಜವು ಮಾಡುವ ತಪ್ಪುಗಳೆಲ್ಲ ಈ ಎರಡು ನಿಯಮಗಳ ಉಲ್ಲಂಘನೆಯಿಂದಲೇ ಹುಟ್ಟುತ್ತವೆ. ದಕ್ಷಿಣ ಆಫ್ರಿಕದ ಕ್ರಿಕೆಟ್ ನಾಯಕ ಹ್ಯಾನ್ಸಿ ಕ್ರೋನಿಯೆ ಅವರ ಪ್ರಕರಣ ಇದಕ್ಕೆ ತಕ್ಕ ನಿದರ್ಶನ.

ಕ್ರೋನಿಯೆ ಅವರ ಜಮೆಯ ಪುಟ ದೊಡ್ಡದು. ವರ್ಣಭೇದ ನೀತಿಯ ಕಾರಣದಿಂದ ಎರಡು ದಶಕಗಳ ಕಾಲ ಬಹಿಷ್ಕೃತವಾಗಿದ್ದ ದೇಶವು 1991ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿತು. ಮರಳಿದ ಮೂರೇ ವರ್ಷಗಳಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಅವರು ಆ ತಂಡದ ನಾಯಕರಾದರು. ಅವರ ನಾಯಕತ್ವದಲ್ಲಿ ಆಡಿದ 53 ಟೆಸ್ಟ್‌ಗಳಲ್ಲಿ 27ರಲ್ಲಿ ಗೆಲುವು, 11ರಲ್ಲಿ ಮಾತ್ರ ಸೋಲು. 138 ಏಕದಿನ ಪಂದ್ಯಗಳಲ್ಲಿ 99 ಗೆಲುವು. ಶಿಸ್ತು, ದೇಹಶ್ರಮ, ಕ್ಷೇತ್ರರಕ್ಷಣೆಯಲ್ಲಿ ಚುರುಕು, ಸೋಲನ್ನೊಪ್ಪದ ಛಲ ಇವೆಲ್ಲ ಆ ತಂಡದ ಗುಣಗಳೆಂದು ಎದುರಾಳಿಗಳೂ ಒಪ್ಪುತ್ತಿದ್ದರು. ಹೊಸದಾಗಿ ಕಣ್ಣು ತೆರೆದ ಪ್ರಜಾಪ್ರಭುತ್ವಕ್ಕೆ ಅವರು ಕೇವಲ ಆಟಗಾರರಾಗಿರಲಿಲ್ಲ; ಪ್ರಾಮಾಣಿಕತೆಯ ಪ್ರತೀಕವೇ ಆಗಿದ್ದರು.

ಈ ಕೀರ್ತಿಯ ಶಿಖರವೂ ಅದರ ಬುಡದಲ್ಲಿದ್ದ ಬಿರುಕೂ ಒಟ್ಟಿಗೆ ಕಾಣುವುದು ಬೆಂಗಳೂರಿನಲ್ಲಿ. 2000ದ ಮಾರ್ಚ್ 2ರಿಂದ 6ರವರೆಗೆ ಅಲ್ಲಿ ನಡೆದ ಟೆಸ್ಟ್‌ನಲ್ಲಿ ಭಾರತ 158 ಮತ್ತು 250 ರನ್ ಗಳಿಸಿದರೆ, ದಕ್ಷಿಣ ಆಫ್ರಿಕ ಒಂದೇ ಇನಿಂಗ್ಸ್‌ನಲ್ಲಿ 479 ಗಳಿಸಿತು. ಇನಿಂಗ್ಸ್ ಮತ್ತು 71 ರನ್‌ಗಳ ಈ ಜಯದಿಂದ ಸರಣಿ ಕ್ರೋನಿಯೆ ಅವರ ಕೈಸೇರಿತು. 1987ರ ಅನಂತರ ತನ್ನ ನೆಲದಲ್ಲಿ ಟೆಸ್ಟ್ ಸರಣಿಯನ್ನು ಸೋಲದಿದ್ದ ಭಾರತವನ್ನು ಮಣಿಸಿದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಅದೇ ಟೆಸ್ಟ್‌ನ ಸಂದರ್ಭದಲ್ಲಿ ಅವರು ತಮ್ಮ ತಂಡದ ಮೂವರು ಪ್ರಮುಖ ಆಟಗಾರರ ಮುಂದೆ, ಹಣ ಪಡೆದು ಆಟವನ್ನು ಸಡಿಲಿಸುವ ಮಾತನ್ನು ಅರ್ಧ ವಿನೋದವೆಂಬಂತೆ ಎತ್ತಿದ್ದರು. ಆ ಮೂವರೂ ಅದನ್ನು ತಳ್ಳಿಹಾಕಿದರು. ಇದು ಮುಂದೆ ವಿಚಾರಣೆಯಲ್ಲಿ ಹೊರಬಂದ ಸಂಗತಿ. ಒಂದೇ ಊರು, ಒಂದೇ ವಾರ, ಒಬ್ಬನೇ ನಾಯಕ. ಕ್ರೀಡಾಂಗಣದಲ್ಲಿ ಕುಳಿತ ಸಾವಿರಾರು ಜನರು ಕಂಡದ್ದು ಗೆಲುವನ್ನು ಮಾತ್ರ.

ಮುಂದಿನ ಕಥೆ ಬೇಗ ಬೇಗ ಬಿಚ್ಚಿಕೊಂಡಿತು. 2000ದ ಏಪ್ರಿಲ್ 7ರಂದು ದೆಹಲಿ ಪೊಲೀಸರು ಕ್ರೋನಿಯೆ ಮತ್ತು ಬಾಜಿಕೋರನೊಬ್ಬನ ನಡುವಣ ದೂರವಾಣಿ ಸಂಭಾಷಣೆಯನ್ನು ಬಹಿರಂಗಪಡಿಸಿದರು. ಅವರ ದೇಶ ಅದನ್ನು ನಂಬಲಿಲ್ಲ. ಭಾರತದ ಪೊಲೀಸರೇ ಸುಳ್ಳು ಹೇಳುತ್ತಿದ್ದಾರೆಂದು ಅನೇಕರು ಸಿಡಿಮಿಡಿಗೊಂಡರು. ಕ್ರೋನಿಯೆ ಮೊದಲು ನಿರಾಕರಿಸಿದರು. ಏಪ್ರಿಲ್ 11ರ ನಸುಕಿನಲ್ಲಿ ತಾವು ಪೂರ್ಣ ಪ್ರಾಮಾಣಿಕರಾಗಿರಲಿಲ್ಲವೆಂದು ಕ್ರಿಕೆಟ್ ಮಂಡಳಿಯ ಮುಖ್ಯಸ್ಥರಿಗೆ ಒಪ್ಪಿಕೊಂಡರು. ಅದೇ ದಿನ ನಾಯಕತ್ವ ಹೋಯಿತು. ನಿವೃತ್ತ ನ್ಯಾಯಮೂರ್ತಿ ಎಡ್ವಿನ್ ಕಿಂಗ್ ಅವರ ಆಯೋಗದ ಮುಂದೆ ಜೂನ್ ತಿಂಗಳಲ್ಲಿ ಒಂದೊಂದೇ ವಿವರ ಹೊರಬಂದಿತು. ಅಕ್ಟೋಬರ್‌ನಲ್ಲಿ ಆಜೀವ ನಿಷೇಧವಾಯಿತು.

ಆ ವಿವರಗಳಲ್ಲಿ ಸೆಂಚೂರಿಯನ್ ಟೆಸ್ಟ್‌ನದು ವಿಶೇಷವಾಗಿ ಗಮನಾರ್ಹ. 2000ದ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಅಲ್ಲಿ ನಡೆದ ಪಂದ್ಯದ ಮೂರು ದಿನಗಳು ಮಳೆಗೆ ಆಹುತಿಯಾದವು. ಕೊನೆಯ ದಿನ ಕ್ರೋನಿಯೆ ಎದುರಾಳಿ ನಾಯಕನಿಗೆ ಒಂದು ಸಲಹೆ ಮಾಡಿದರು: ಎರಡೂ ತಂಡಗಳು ಒಂದೊಂದು ಇನಿಂಗ್ಸನ್ನು ಬಿಟ್ಟುಕೊಟ್ಟು ಗೆಲುವಿಗಾಗಿ ಆಡೋಣ ಎಂದು. ಇಂಗ್ಲೆಂಡ್ ಎರಡು ವಿಕೆಟ್‌ಗಳಿಂದ ಗೆದ್ದಿತು. ಸತ್ತುಹೋಗಿದ್ದ ಪಂದ್ಯಕ್ಕೆ ಜೀವ ತುಂಬಿದ ಕ್ರೀಡಾಮನೋಭಾವವೆಂದು ಅನೇಕರು ಹೊಗಳಿದರು. ಆದರೆ ಆ ಔದಾರ್ಯದ ಹಿಂದೆ, ಪಂದ್ಯ ಡ್ರಾ ಆಗದಂತೆ ನೋಡಿಕೊಳ್ಳಬೇಕೆಂಬ ಬಾಜಿಕೋರನ ಕೋರಿಕೆಯಿತ್ತು. ಅದಕ್ಕೆ ದೊರೆತ ಪ್ರತಿಫಲ ಸುಮಾರು 5,000 ಪೌಂಡ್ ಹಣ ಮತ್ತು ಒಂದು ಚರ್ಮದ ಜಾಕೆಟ್. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಈಗ "ಆಟ ಬೇರೆ, ನಡತೆ ಬೇರೆ" ಎಂಬ ಮಾತನ್ನು ಈ ಪಂದ್ಯಕ್ಕೆ ಅನ್ವಯಿಸಿ ನೋಡಬೇಕು. ಆ ದಿನ ಮೈದಾನದಲ್ಲಿ ಆಟವಾವುದು, ನಡತೆಯಾವುದು? ಇನಿಂಗ್ಸ್ ಬಿಟ್ಟುಕೊಡುವುದು ನಿಯಮಬದ್ಧ ಆಟವೇ. ಆದರೆ ಅದರ ಉದ್ದೇಶ ಮಾರಾಟವಾಗಿತ್ತು. ತಾವು ಯಾವ ಪಂದ್ಯವನ್ನೂ ಸೋಲಲೆಂದು ಆಡಲಿಲ್ಲವೆಂದು ಕ್ರೋನಿಯೆ ಕೊನೆಯವರೆಗೂ ಸಾಧಿಸಿದರು. ಆ ಮಾತನ್ನು ಪೂರ್ತಿಯಾಗಿ ನಂಬಿದರೂ ದೋಷ ತಪ್ಪುವುದಿಲ್ಲ. ಪ್ರೇಕ್ಷಕನು ಟಿಕೆಟ್ ಕೊಳ್ಳುವಾಗ ಕೊಳ್ಳುವುದು ಗೆಲುವನ್ನಲ್ಲ. ತನ್ನೆದುರು ನಡೆಯುವುದು ನಿಜವಾದ ಸ್ಪರ್ಧೆ ಎಂಬ ಭರವಸೆಯನ್ನು. ಕಲಬೆರಕೆಯ ತೂಕ ಸರಿಯಿದ್ದ ಮಾತ್ರಕ್ಕೆ ಸರಕು ಶುದ್ಧವಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ನಿರ್ಧಾರ ಮಾರಾಟವಾಗಿತ್ತೆಂದು ತಿಳಿದ ಮೇಲೆ ಉಳಿದ ನಿರ್ಧಾರಗಳೆಲ್ಲ ಶುದ್ಧವಾಗಿದ್ದರೂ ಸಂದೇಹಕ್ಕೆ ಒಳಗಾಗುತ್ತವೆ. ತನ್ನ ಜೊತೆಗಾರರು ಬೆವರು ಸುರಿಸಿ ಗಳಿಸಿದ ಗೆಲುವುಗಳ ಮೇಲೂ ಆತ ಮಸಿ ಚೆಲ್ಲಿದಂತಾಯಿತು. ಇಲ್ಲಿ ಆಟ ಮತ್ತು ನಡತೆಗಳನ್ನು ಬೆರೆಸಿದವರು ವಿಮರ್ಶಕರಲ್ಲ, ಆಟಗಾರನೇ.

ಇದಕ್ಕಿಂತಲೂ ಭಾರವಾದ ನಮೂದು ಇನ್ನೊಂದಿದೆ. ಅದೇ ಪ್ರವಾಸದ ಕೊನೆಯ ಏಕದಿನ ಪಂದ್ಯ ಮಾರ್ಚ್ 19ರಂದು ನಾಗಪುರದಲ್ಲಿ ನಡೆಯಿತು. ಅದಕ್ಕೆ ಮೊದಲು ಕ್ರೋನಿಯೆ ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಎಂಬ ಇಬ್ಬರು ಆಟಗಾರರಿಗೆ ತಲಾ 15,000 ಡಾಲರ್ ಆಮಿಷ ಒಡ್ಡಿದರು. ಗಿಬ್ಸ್ 20ಕ್ಕಿಂತ ಕಡಿಮೆ ರನ್ ಗಳಿಸಬೇಕು. ವಿಲಿಯಮ್ಸ್ 50ಕ್ಕಿಂತ ಹೆಚ್ಚು ರನ್ ಬಿಟ್ಟುಕೊಡಬೇಕು. ಇಬ್ಬರೂ ಒಪ್ಪಿದರು. ಮೈದಾನಕ್ಕೆ ಇಳಿದ ಮೇಲೆ ಗಿಬ್ಸ್ 53 ಎಸೆತಗಳಲ್ಲಿ 74 ರನ್ ಹೊಡೆದರು. ವಿಲಿಯಮ್ಸ್ ಭುಜದ ನೋವಿನಿಂದ ಎರಡನೆಯ ಓವರನ್ನೇ ಮುಗಿಸಲಾರದೆ ಹೊರನಡೆದರು. ಒಪ್ಪಂದ ನಡೆಯದಿದ್ದರೂ ಒಪ್ಪಿದ್ದು ತಪ್ಪೇ ಎಂದು ಇಬ್ಬರಿಗೂ ದಂಡದೊಂದಿಗೆ 2000ದ ಅಂತ್ಯದವರೆಗೆ ನಿಷೇಧ ವಿಧಿಸಲಾಯಿತು. ಈ ಇಬ್ಬರೂ ಬಿಳಿಯರಲ್ಲದ ಸಮುದಾಯಕ್ಕೆ ಸೇರಿದವರು. ಕೆಲವೇ ವರ್ಷಗಳ ಹಿಂದೆ ಅವರಂಥವರಿಗೆ ರಾಷ್ಟ್ರೀಯ ತಂಡದ ಬಾಗಿಲೇ ಮುಚ್ಚಿತ್ತು. ತಂಡದಲ್ಲಿ ಯಾರು ಉಳಿಯಬೇಕೆಂದು ಹೇಳಬಲ್ಲ ನಾಯಕನು ಕೋಣೆಗೆ ಬಂದು ಕೇಳಿದಾಗ ಅದು ಕೇವಲ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಿರಿತನವನ್ನು ನಂಬಿದ ಕಿರಿಯರನ್ನು ತಪ್ಪಿಗೆ ಸೆಳೆಯುವುದು, ತಾನೊಬ್ಬನೇ ತಪ್ಪು ಮಾಡುವುದಕ್ಕಿಂತ ಹೆಚ್ಚಿನ ಅಪರಾಧ. ಕ್ರೋನಿಯೆ ಅವರ ಗೆಲುವುಗಳನ್ನು ಎಣಿಸುವವರು ಈ ಇಬ್ಬರ ಹೆಸರನ್ನು ಅಪರೂಪಕ್ಕೆ ಎತ್ತುತ್ತಾರೆ. 27 ಟೆಸ್ಟ್ ಗೆಲುವುಗಳಿಂದ ವಿಲಿಯಮ್ಸ್‌ಗೆ ಆದ ಹಾನಿ ಹೇಗೆ ತೀರೀತು? ಅದು ಭೀಮನಿಗೆ ಕೊಟ್ಟು ರಾಮನ ಖಾತೆಗೆ ಚುಕ್ತಾ ಎಂದು ಬರೆದಂತೆ.

ಎಲ್ಲ ತಪ್ಪುಗಳೂ ಹೀಗೆ ಆಟದೊಳಗೇ ನಡೆಯುವುದಿಲ್ಲ. ಅದೇ ದೇಶದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಅವರ ಪ್ರಕರಣ ಇನ್ನೊಂದು ಬಗೆಯದು. ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೃತಕ ಕಾಲುಗಳ ಮೇಲೆ ಓಡಿ ಇತಿಹಾಸ ನಿರ್ಮಿಸಿದರು. 2013ರ ಫೆಬ್ರವರಿ 14ರಂದು ತಮ್ಮ ಮನೆಯಲ್ಲಿ ರೀವಾ ಸ್ಟೀನ್‌ಕ್ಯಾಂಪ್ ಎಂಬ 29 ವರ್ಷದ ಯುವತಿಯನ್ನು ಗುಂಡಿಟ್ಟು ಕೊಂದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಕೊಲೆಯೆಂದು ತೀರ್ಮಾನಿಸಿತು; 2017ರಲ್ಲಿ ಶಿಕ್ಷೆ 13 ವರ್ಷ 5 ತಿಂಗಳಿಗೆ ಏರಿತು; 2024ರ ಜನವರಿಯಲ್ಲಿ ಅವರು ಪೆರೋಲ್ ಮೇಲೆ ಹೊರಬಂದರು. ಇಲ್ಲಿ ಓಟದಲ್ಲಿ ಮೋಸವಿರಲಿಲ್ಲ. ಗಡಿಯಾರ ತೋರಿಸಿದ ಕಾಲ ಇಂದಿಗೂ ಸತ್ಯ. ಅಂಗವಿಕಲ ಮಕ್ಕಳಿಗೆ ಅದು ತೆರೆದ ದಾರಿಯೂ ಸತ್ಯ. ಆದ್ದರಿಂದ ದಾಖಲೆಯನ್ನು ಅಳಿಸಬೇಕೆಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ. ಆದರೆ ಆ ದಾಖಲೆ ಒಂದು ಜೀವದ ಬೆಲೆಯನ್ನು ಕಾಸಿನಷ್ಟೂ ತಗ್ಗಿಸಲಾರದು. ವರ್ಷಗಟ್ಟಲೆ ಪತ್ರಿಕೆಗಳು ಓಟಗಾರನ ಪತನವನ್ನು ದುರಂತ ಕಥೆಯಂತೆ ಬಣ್ಣಿಸಿದವು. ಸತ್ತವಳು ಕಾನೂನು ಪದವೀಧರೆ, ಸ್ವಂತ ಬಾಳಿನ ಆಸೆ ಹೊತ್ತವಳು ಎಂಬುದು ಒಂದು ಸಾಲಿನ ಸಂಗತಿಯಾಗಿ ಉಳಿಯಿತು. ಬೇರ್ಪಡಿಸುವ ನೆಪದಲ್ಲಿ ಪೀಡಿತರನ್ನೇ ಬೇರ್ಪಡಿಸಿಬಿಡುವುದು ಸಮಾಜದ ಹಳೆಯ ರೋಗ.

ಮೂರನೆಯ ಬಗೆ ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರದು. ಕ್ಯಾನ್ಸರನ್ನು ಗೆದ್ದು ಬಂದು 1999ರಿಂದ 2005ರವರೆಗೆ ಏಳು ಬಾರಿ ಫ್ರಾನ್ಸ್ ಪರ್ಯಟನದ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸನ್ನು ಗೆದ್ದರೆಂಬ ಖ್ಯಾತಿ ಅವರದಾಗಿತ್ತು. ನಿಷಿದ್ಧ ಮದ್ದುಗಳ ಬಳಕೆ ಸಾಬೀತಾಗಿ 2012ರ ಅಕ್ಟೋಬರ್‌ನಲ್ಲಿ ಏಳೂ ಪದವಿಗಳನ್ನು ಕಿತ್ತುಕೊಳ್ಳಲಾಯಿತು. 2013ರ ಜನವರಿಯಲ್ಲಿ ಅವರೇ ಒಪ್ಪಿಕೊಂಡರು. ಇಲ್ಲಿ ದಾಖಲೆಯೇ ಸುಳ್ಳಾಗಿತ್ತು. ಎದುರು ನಮೂದು ಹಾಕಿ ಅದನ್ನು ರದ್ದು ಮಾಡಿದ್ದು ನ್ಯಾಯ. ಆ ಏಳು ವರ್ಷಗಳ ಪ್ರಶಸ್ತಿಯನ್ನು ಬೇರೆ ಯಾರಿಗೂ ಕೊಡದೆ ವಿಜೇತನ ಸ್ಥಾನವನ್ನು ಖಾಲಿ ಬಿಟ್ಟಿರುವುದು ಗಮನಿಸಬೇಕಾದ ಅಂಶ. ಆ ಖಾಲಿ ಜಾಗವೇ ಆ ಕಾಲದ ನಿಜವಾದ ದಾಖಲೆ.

ಅವರ ಪರವಾಗಿ ಒಂದು ವಾದವಿತ್ತು: ಕ್ಯಾನ್ಸರ್ ರೋಗಿಗಳಿಗಾಗಿ ಅವರ ಸಂಸ್ಥೆ ಅಪಾರ ಧನ ಸಂಗ್ರಹಿಸಿ ಸೇವೆ ಮಾಡಿದೆಯಲ್ಲವೆ ಎಂದು. ಸೇವೆ ನಿಜ, ರೋಗಿಗಳಿಗೆ ದೊರೆತ ಆಸರೆಯೂ ನಿಜ. ಆದರೆ ಅದೇ ವರ್ಷಗಳಲ್ಲಿ ತಮ್ಮ ಬಗ್ಗೆ ಸತ್ಯ ನುಡಿದವರನ್ನು ಅವರು ಬಹಿರಂಗವಾಗಿ ನಿಂದಿಸಿದರು. ಬ್ರಿಟನ್ನಿನ ಸಂಡೇ ಟೈಮ್ಸ್ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿದರು. ದಾನದ ರಸೀದಿಯು ಸಾಲದ ಪತ್ರಕ್ಕೆ ಚುಕ್ತಾ ಆಗುವುದಿಲ್ಲ. ದಾನ ಪಡೆದವರು ಒಬ್ಬರು, ನೊಂದವರು ಇನ್ನೊಬ್ಬರು. ನೊಂದವರಲ್ಲದೆ ಬೇರೆ ಯಾರೂ ಆ ಸಾಲವನ್ನು ಮನ್ನಾ ಮಾಡಲಾರರು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಸಂಸ್ಥೆಗಳೆಲ್ಲ ಈ ಮಾತನ್ನು ಮನನ ಮಾಡಬೇಕು.

ಈ ಮೂರು ಪ್ರಕರಣಗಳಿಂದ ಹೊರಡುವ ವಿವೇಚನೆ ಇಷ್ಟು. ಒಂದನೆಯದು ದಾಖಲೆಯ ಪ್ರಶ್ನೆ. ನಡೆದದ್ದು ನಡೆದಂತೆಯೇ ಬರೆಯಲ್ಪಡಬೇಕು. ಸಾಧನೆ ಮೋಸದಿಂದಲೇ ಆಗಿದ್ದರೆ ಅದು ರದ್ದಾಗಬೇಕು, ಇಲ್ಲವಾದರೆ ಉಳಿಯಬೇಕು. ಸೆಂಚೂರಿಯನ್ ಟೆಸ್ಟ್ ಇಂದಿಗೂ ಅಧಿಕೃತ ಪಟ್ಟಿಯಲ್ಲಿದೆ. ಅದರೊಂದಿಗೆ ಅದರ ಕಥೆಯೂ ಇದೆ. ಅಳಿಸಿದ್ದರೆ ಮುಂದಿನವರಿಗೆ ಎಚ್ಚರಿಕೆಯೇ ಇರುತ್ತಿರಲಿಲ್ಲ. ಎರಡನೆಯದು ಸನ್ಮಾನದ ಪ್ರಶ್ನೆ. ಇಲ್ಲಿಯೇ ಜನರು ಹೆಚ್ಚಾಗಿ ಎಡವುತ್ತಾರೆ. ದಾಖಲೆ ಹಿಂದಿನ ಸಂಗತಿ. ಸನ್ಮಾನ ಇಂದಿನ ಕ್ರಿಯೆ. ದಾಖಲೆ ಆಟಗಾರನದು, ಸನ್ಮಾನ ಮಾಡುವವರದು. ಹಾರ ಹಾಕುವವರು ರನ್ನುಗಳಿಗೆ ಹಾಕುವುದಿಲ್ಲ, ಕೊರಳಿಗೆ ಹಾಕುತ್ತಾರೆ. ಮಕ್ಕಳು ಅದನ್ನು ಆಟಕ್ಕೆ ಸಂದ ಗೌರವವೆಂದು ವಿಂಗಡಿಸಿ ನೋಡುವುದಿಲ್ಲ; ಇಡೀ ಮನುಷ್ಯನಿಗೆ ಸಂದದ್ದೆಂದೇ ತಿಳಿಯುತ್ತಾರೆ. ಆದ್ದರಿಂದ ದಾಖಲೆಯಲ್ಲಿ ಆಟವನ್ನು ನಡತೆಯಿಂದ ಬೇರ್ಪಡಿಸಬಹುದು, ಅನೇಕ ಬಾರಿ ಬೇರ್ಪಡಿಸಲೇಬೇಕು. ಸನ್ಮಾನದಲ್ಲಿ ಬೇರ್ಪಡಿಸಲು ಬಾರದು. ಮೂರನೆಯದು ನೊಂದವರ ಪ್ರಶ್ನೆ. ಅವರ ಖಾತೆ ತೀರಿತೇ ಎಂದು ಕೇಳದೆ ಯಾವ ಕ್ಷಮೆಯನ್ನೂ ಸಾರುವ ಅಧಿಕಾರ ಪ್ರೇಕ್ಷಕರಿಗಿಲ್ಲ.

ತಪ್ಪು ಮಾಡದ ಮನುಷ್ಯನಾರು, ಹೀಗೆ ತೂಗತೊಡಗಿದರೆ ಯಾರಿಗೂ ಗೌರವ ಉಳಿಯದು ಎಂಬ ಆಕ್ಷೇಪ ಸಹಜ. ಅದರಲ್ಲಿ ಸತ್ಯಾಂಶವಿದೆ. ಸಿಟ್ಟಿನ ಒಂದು ಮಾತು, ಹರೆಯದ ಒಂದು ಅವಿವೇಕ, ಯಾರಿಗೂ ಹಾನಿಯಾಗದ ದೌರ್ಬಲ್ಯ ಇವುಗಳನ್ನು ಕೊಲೆ ಮತ್ತು ವಂಚನೆಗಳೊಂದಿಗೆ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಸಾಬೀತಾಗದ ಆರೋಪವನ್ನು ತೀರ್ಪೆಂದು ಭಾವಿಸುವುದೂ ಅನ್ಯಾಯ. ತಪ್ಪಿದವನಿಗೆ ಮರಳುವ ದಾರಿ ಇರಬೇಕೆಂಬುದೂ ನಿಜ. ಆ ದಾರಿ ಹೇಗಿರುತ್ತದೆಂಬುದನ್ನು ಗಿಬ್ಸ್ ಅವರ ಮುಂದಿನ ಜೀವನ ತೋರಿಸುತ್ತದೆ. ಮೊದಲು ಸುಳ್ಳು ಹೇಳಿದ ಅವರು ಆಯೋಗದ ಮುಂದೆ ನಿಜ ಒಪ್ಪಿದರು, ದಂಡ ತೆತ್ತರು, ನಿಷೇಧ ಅನುಭವಿಸಿದರು. 2006ರ ಮಾರ್ಚ್ 12ರಂದು ಜೊಹಾನ್ಸ್‌ಬರ್ಗಿನಲ್ಲಿ ಆಸ್ಟ್ರೇಲಿಯದ 434 ರನ್‌ಗಳನ್ನು ದಕ್ಷಿಣ ಆಫ್ರಿಕ ಬೆನ್ನಟ್ಟಿ ಗೆದ್ದಾಗ 111 ಎಸೆತಗಳಲ್ಲಿ 175 ರನ್ ಗಳಿಸಿದವರು ಅವರೇ. ಆ ಆಟವೂ ನಾಗಪುರದ ನಮೂದನ್ನು ಅಳಿಸಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದು ದೆಹಲಿ ಪೊಲೀಸರ ಪ್ರಶ್ನೆಗಳಿಗೆ ಅವರು ಉತ್ತರಿಸಬೇಕಾಯಿತು. ಮರಳುವ ದಾರಿ ಎಂದರೆ ಇದು: ಒಪ್ಪಿಗೆ, ದಂಡ, ಉತ್ತರದಾಯಿತ್ವ, ಆಮೇಲೆ ಹೊಸ ದುಡಿಮೆ. ದುಡಿಮೆ ಮೊದಲು, ಒಪ್ಪಿಗೆ ಅನುಕೂಲವಾದಾಗ ಎಂಬುದು ದಾರಿಯಲ್ಲ.

ಕ್ರೋನಿಯೆ ಅವರಿಗೆ ಆ ದಾರಿಯಲ್ಲಿ ನಡೆಯಲು ಕಾಲ ಸಿಗಲಿಲ್ಲ. ಆಜೀವ ನಿಷೇಧವನ್ನು ಪ್ರಶ್ನಿಸಿ 2001ರಲ್ಲಿ ನ್ಯಾಯಾಲಯಕ್ಕೆ ಹೋಗಿ ಸೋತರು. 2002ರ ಜೂನ್ 1ರಂದು, 32ರ ವಯಸ್ಸಿನಲ್ಲಿ, ಜಾರ್ಜ್ ಪಟ್ಟಣದ ಸಮೀಪದ ಬೆಟ್ಟಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎರಡು ವರ್ಷಗಳ ಅನಂತರ, 2004ರಲ್ಲಿ, ದೂರದರ್ಶನದ ಮೂಲಕ ನಡೆದ ಮತದಾನದಲ್ಲಿ ದೇಶದ ನೂರು ಮಂದಿ ಮಹನೀಯರ ಪಟ್ಟಿಯಲ್ಲಿ ಜನರು ಅವರನ್ನು 11ನೆಯ ಸ್ಥಾನದಲ್ಲಿ ಕೂರಿಸಿದರು. ಅಕಾಲ ಮರಣಕ್ಕೆ ಮರುಗುವುದು ಮನುಷ್ಯಧರ್ಮ. ಮಡಿದವನ ಮೇಲೆ ಹಗೆ ಸಾಧಿಸುವುದು ಹೀನತನ. ಆದರೆ ಮರುಕವೇ ಬೇರೆ, ಮಹನೀಯತೆಯೇ ಬೇರೆ. ನಿಜವಾಗಿ ಬೇರ್ಪಡಿಸಬೇಕಾಗಿದ್ದುದು ಇವೆರಡನ್ನು. ಬೆಂಗಳೂರಿನಲ್ಲಿ ಮೂವರು ಆಟಗಾರರು ನಾಯಕನ ಮಾತನ್ನು ನಿರಾಕರಿಸಿದ್ದು ಯಾವ ಅಂಕಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಅದಕ್ಕಾಗಿ ಮತ ಹಾಕಿದವರೂ ಇಲ್ಲ. ಆ ಪಂದ್ಯದಲ್ಲಿ ಗಳಿಸಿದ 479 ರನ್‌ಗಳಿಗೆ ಬೆಲೆ ಉಳಿದಿರುವುದು ಮಾತ್ರ ಅಂಥ ನಿರಾಕರಣೆಯಿಂದಲೇ.

ಶಾಲೆ, ವಿದ್ಯಾರ್ಥಿನಿಲಯ, ಧರ್ಮಸಂಸ್ಥೆಗಳ ಆಡಳಿತ ಮಂಡಳಿಗಳು ವಾರ್ಷಿಕೋತ್ಸವಕ್ಕೆ ಪ್ರಸಿದ್ಧ ಕ್ರೀಡಾಪಟುಗಳನ್ನು ಆಹ್ವಾನಿಸುವುದು ಈಗ ವಾಡಿಕೆಯಾಗಿದೆ. ಜನ ಸೇರುತ್ತಾರೆ, ನಿಧಿ ಕೂಡುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಮಂಡಳಿಯವರು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಈತನ ಸಾಧನೆ ಪ್ರಾಮಾಣಿಕವೇ? ಈತನಿಂದ ನೊಂದವರಿಗೆ ಸಲ್ಲಬೇಕಾದದ್ದು ಸಂದಿದೆಯೇ? ನೊಂದವರಲ್ಲಿ ಒಬ್ಬರು ಸಭೆಯ ಮೊದಲ ಸಾಲಿನಲ್ಲಿ ಕುಳಿತಿದ್ದರೆ ಈ ಹಾರವನ್ನು ಹಾಕಲು ಕೈ ಬಂದೀತೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸಂಕೋಚವಿಲ್ಲದೆ ಗೌರವಿಸಲಿ. ಬಾರದಿದ್ದರೆ ಆತನ ಆಟವನ್ನು ಮಕ್ಕಳು ನೋಡಿ ಕಲಿಯಲಿ, ಆತನ ಕಥೆಯನ್ನು ಪೂರ್ತಿಯಾಗಿ ಕೇಳಿ ತಿಳಿಯಲಿ; ವೇದಿಕೆಯ ಮೇಲಿನ ಪೀಠ ಮಾತ್ರ ಇನ್ನೊಬ್ಬರಿಗಾಗಿ ಕಾದಿರಲಿ.